ಬ್ರೇಕ್ ಹಿಡಿದರೂ ನಿಲ್ಲದ ಗಾಡಿ

ಅಂಗವಿಕಲರಿಗೆ ಬ್ಯಾಟರಿ ಗಾಡಿಯ ಕೀಲಿಕೈ ಹಸ್ತಾಂತರಿಸುವ ಫೋಟೋವನ್ನು ಎರಡೆರಡು ಸಲ ತೆಗೆದರು. ಮೊದಲನೆಯದರಲ್ಲಿ ಅತಿಥಿಗಳು ಕಣ್ಣು ಮುಚ್ಚಿದ್ದರಂತೆ. ಗಾಡಿ ಓಡಿಸುವುದನ್ನು ಮಾತ್ರ ಒಂದು ಸಲವೂ ತೋರಿಸಲಿಲ್ಲ. ಶಾಮಿಯಾನಾ ಬಿಚ್ಚುವವರು ಹಗ್ಗಕ್ಕೆ ಕೈ ಹಾಕುವ ಹೊತ್ತಿಗೆ ನಾನು ಊರುಗೋಲು ಊರುತ್ತ ನಮ್ಮ ತಾಲೂಕಿನ ಮೇಲ್ವಿಚಾರಕರ ಬಳಿ ಹೋಗಿ, "ಸರ್, ಇದನ್ನ ಓಡಸೂದು ಯಾರು ಕಲಸ್ತಾರ್ರಿ?" ಎಂದು ಕೇಳಿದೆ.

ಅವರು ಬಲಗೈಯನ್ನು ಗಾಳಿಯಲ್ಲಿಯೇ ತಿರುವಿ ತೋರಿಸಿದರು. "ಹಿಂಗ ತಿರುವಿದ್ರ ಹೋಗತೈತಿ, ಬ್ರೇಕ್ ಹಿಡದ್ರ ನಿಲ್ಲತೈತಿ. ಎಂ.ಎ. ಮಾಡಿದವ್ರು ನೀವು, ಇಷ್ಟಕ್ಕ ಕ್ಲಾಸ್ ಬೇಕೇನ್ರಿ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕಿರಬೇಕು. ಸೌಜನ್ಯವೆಂಬುದು ನಮ್ಮಂಥವರಿಂದ ಎಂತೆಂಥ ಹೊತ್ತಿನಲ್ಲಿ ನಗುವನ್ನು ವಸೂಲಿ ಮಾಡುತ್ತದೆ ಎಂಬುದರ ಬಗ್ಗೆ ಬೇರೆಯೇ ಬರೆಯಬೇಕು. ಹೊರಡುವ ಮುನ್ನ ಅವರು ಇನ್ನೊಂದು ಮಾತು ಸೇರಿಸಿದರು. ಮುಂಗಾರಿನ ರಾಶಿ ಮುಗಿದ ಮೇಲೆ ಪರಿಶೀಲನೆ ನಡೆಯುತ್ತದೆ. ಅಧಿಕಾರಿಗಳ ಎದುರು ಗಾಡಿ ಓಡಿಸಿ ತೋರಿಸಬೇಕು. ಓಡಿಸಲು ಬಾರದವರ ಗಾಡಿಯನ್ನು ಹಿಂಪಡೆದು, ಕಾಯುತ್ತಿರುವ ಬೇರೆಯವರಿಗೆ ಕೊಡಲಾಗುತ್ತದೆ. ಕಲಿಸುವ ಹೊಣೆ ಯಾರದೂ ಅಲ್ಲ, ಕಲಿಯದಿದ್ದರೆ ಶಿಕ್ಷೆ ಮಾತ್ರ ನಮಗೆ. ಈ ವ್ಯವಸ್ಥೆಯನ್ನು ರೂಪಿಸಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲದಿರುವುದು ಅವರ ಅದೃಷ್ಟ.

ನಾನು ಅಣ್ಣಿಗೇರಿಯ ಕಡೆಯ ಒಂದು ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಪಂಚಾಯಿತಿಯ ಊರುಗಳಲ್ಲಿರುವ ಅಂಗವಿಕಲರ ಮನೆಗಳಿಗೆ ಹೋಗಿ, ಅವರ ಗುರುತಿನ ಚೀಟಿ, ಪಿಂಚಣಿ, ಸಲಕರಣೆಗಳ ಕೆಲಸ ಮಾಡಿಸಿಕೊಡುವುದು ನನ್ನ ಉದ್ಯೋಗ. ಹುಟ್ಟಿನಿಂದಲೇ ನನ್ನ ಎಡಗಾಲಿಗೆ ಶಕ್ತಿಯಿಲ್ಲ. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಒಳಗಿನ ಊರುಗಳಿಗೆ ಎರೆ ಹೊಲಗಳ ನಡುವಿನ ದಾರಿ. ಮಳೆ ಬಿದ್ದರೆ ಊರುಗೋಲಿನ ತುದಿಗೆ ಮಣ್ಣು ಮೆತ್ತಿ ಮೆತ್ತಿ ಕೋಲು ಒನಕೆಯಾಗುತ್ತದೆ. ಹಾಗಾಗಿ ನಾನು ಯಾರದಾದರೂ ಬೈಕಿನ ಹಿಂದೆ ಕುಳಿತೇ ಕೆಲಸ ಮಾಡುತ್ತಿದ್ದೆ. ಹಾಲಿನವರು ಯಾವ ಊರಿಗೆ ಹೋದರೋ ಅಂದು ನನ್ನ ಭೇಟಿಯೂ ಆ ಊರಿಗೇ. ಅವರು ಹೊರಟರೆಂದರೆ ಎದುರಿಗಿದ್ದವರ ಅಳಲು ಅರ್ಧದಲ್ಲಿದ್ದರೂ ನಾನು ಏಳಬೇಕು. ಈ ಗಾಡಿ ಉಳಿದರೆ ನನ್ನ ಕೆಲಸದ ಹೊತ್ತು ನನ್ನ ಕೈಗೆ ಬರುತ್ತದೆ, ಹೋದರೆ ಮತ್ತೆ ಇನ್ನೊಬ್ಬರ ಬೆನ್ನು. ನನಗಿದ್ದ ಪ್ರಶ್ನೆ ಅಷ್ಟೇ.

ಗಾಡಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಊರಿಗೆ ಬಂತು. ಮುಂದೆ ಒಂದು ಗಾಲಿ, ಹಿಂದೆ ಎರಡು. ಸೀಟಿನ ಕೆಳಗೆ ಬ್ಯಾಟರಿ. ಬಲ ಹಿಡಿಕೆಯನ್ನು ತಿರುವಿದರೆ ಓಟ, ಎಡಬಲ ಎರಡೂ ಕಡೆ ಬೆರಳಿನಿಂದ ಒತ್ತುವ ಬ್ರೇಕಿನ ಸನ್ನೆ. ಹಿಂದೆ ಹೋಗಲು ಒಂದು ಕೆಂಪು ಗುಂಡಿ. ಊರುಗೋಲು ಸಿಕ್ಕಿಸಲು ಸೀಟಿನ ಹಿಂದೆ ಎರಡು ಕೊಂಡಿ. ಅವು ಎಷ್ಟು ಹಿಂದಿದ್ದವೆಂದರೆ, ಸೀಟಿನಲ್ಲಿ ಕುಳಿತ ಮೇಲೆ ಅಲ್ಲಿಗೆ ಕೈ ನಿಲುಕಬೇಕಾದರೆ ಊರುಗೋಲೇ ಬೇಕಾಗದವರಾಗಿರಬೇಕು.

ಮೊದಲ ದಿನ ಓಣಿಯಲ್ಲಿ ಹತ್ತಿ ಕುಳಿತೆ. ನಮ್ಮ ಓಣಿಗೊಂದು ರೂಢಿಯಿದೆ. ಮೊದಲು ಕೈಯಿಂದ ಪೆಡಲು ತಿರುವುವ ಮೂರು ಗಾಲಿಯ ಗಾಡಿಗಳಿದ್ದ ಕಾಲದಿಂದಲೂ, ಅಂಥ ಗಾಡಿ ಕಣ್ಣಿಗೆ ಬಿದ್ದರೆ ಹಿಂದಿನಿಂದ ನಾಲ್ಕು ಹೆಜ್ಜೆ ತಳ್ಳದೆ ಯಾರೂ ಮುಂದೆ ಹೋಗುವುದಿಲ್ಲ. ತಳ್ಳದವರು ಮನುಷ್ಯರೇ ಅಲ್ಲ. ನಾನು ಕೀಲಿ ತಿರುವಿ ಹಿಡಿಕೆಯನ್ನು ಕೂದಲೆಳೆಯಷ್ಟು ಹೊರಳಿಸಿದ್ದೆ ಅಷ್ಟೇ, ಬಾಜು ಮನೆಯ ಚಿಗವ್ವ "ತಡಿ, ನಾ ಅದೀನಿ" ಎಂದು ಎರಡೂ ಕೈಯಿಂದ ನೂಕಿದಳು. ಮೋಟಾರಿನ ಬಲ, ಚಿಗವ್ವನ ಬಲ ಎರಡೂ ಸೇರಿದವು. ಗಾಬರಿಯಲ್ಲಿ ಎರಡೂ ಬ್ರೇಕನ್ನು ಬಿಗಿಯಾಗಿ ಹಿಡಿದೆ. ಗಾಡಿ ನಿಲ್ಲಲಿಲ್ಲ. ಗುರುಗುಡುತ್ತ ಹೋಗಿ, ಎದುರು ಮನೆಯವರು ಒಟ್ಟಿದ್ದ ಸೆಗಣಿಯ ಕುಳ್ಳಿನ ರಾಶಿಯೊಳಗೆ ಹೊಕ್ಕಿತು.

"ಕುಳ್ಳು ಹ್ವಾದ್ರ ಹೋಗವಲ್ವು," ಎಂದಳು ಅದರ ಒಡತಿ, ನನ್ನ ಸೀರೆಯ ಮೇಲಿನ ಪುಡಿ ಝಾಡಿಸುತ್ತ. "ನಿನಗ ಏನೂ ಆಗಿಲ್ಲಲ್ಲ ಬೇ? ಬ್ರೇಕ್ ಯಾಕ ಹಿಡೀಲಿಲ್ಲ?"

"ಹಿಡದಿದ್ದೆ."

"ಹಿಡದಿದ್ರ ನಿಲ್ತಿತ್ತಲ್ಲ," ಎಂದಳು ಚಿಗವ್ವ. "ಗಾಬರಿಗೆ ಮರತಿ ನೀ."

ನಾನು ಬ್ರೇಕ್ ಹಿಡಿದಿರಲಿಲ್ಲವೆಂಬುದು ಸಂಜೆಯೊಳಗೆ ಓಣಿಯ ತೀರ್ಮಾನವಾಯಿತು.

ಮರುದಿನದಿಂದ ಕಲಿಸುವ ಹೊಣೆಯನ್ನು ಟ್ರ್ಯಾಕ್ಟರ್ ಓಡಿಸುವ ಕಾಕಾ ತಾವೇ ವಹಿಸಿಕೊಂಡರು. ಇಡೀ ಊರಿಗೆ ರಾಶಿ ಮಾಡಿಕೊಡುವವರು ಅವರು. ಹೆಸರುಕಾಳಿನ ಸುಗ್ಗಿ ಆಗಷ್ಟೇ ಶುರುವಾಗಿತ್ತು. ಡಾಂಬರು ರಸ್ತೆ ಬೇಡ, ಅಲ್ಲಿ ಮಂದಿ ಹೆಸರು ಹರವಿದ್ದಾರೆ, ಗಾಲಿ ಜಾರುತ್ತದೆ ಎಂದರು. ಊರ ಹೊರಗಿನ ಕಣ ಸಾರಿಸಿ ಬಿಗಿದ ನೆಲ, ಕಲ್ಲಿಲ್ಲ, ಗಿಡವಿಲ್ಲ, ತಳ್ಳುವವರಿಲ್ಲ. ಆಯ್ಕೆ ಸರಿಯಾಗಿಯೇ ಇತ್ತು.

"ಕಂಬ ಕಾಣತೈತಿಲ್ಲ ನಡುವ? ಅದರ ಸುತ್ತ ತಿರಗು. ಕಣ್ಣು ಕಂಬದ ಮ್ಯಾಗ ಇಡಬ್ಯಾಡ, ಮುಂದ ಇಡು."

ತಿರುಗಿದೆ. ಮೊದಮೊದಲು ಗಾಡಿ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಮೂರು ಗಾಲಿಯ ಗಾಡಿ ಬೈಕಿನಂತೆ ಬಾಗುವುದಿಲ್ಲ. ಬೈಕಿನಲ್ಲಿ ಗಾಡಿ ಬಾಗುತ್ತದೆ, ಕುಳಿತವರು ಅದರ ಜೊತೆ ಹೋಗುತ್ತಾರೆ. ಇಲ್ಲಿ ಗಾಡಿ ನೆಟ್ಟಗೇ ನಿಲ್ಲುತ್ತದೆ, ಆದ್ದರಿಂದ ಕುಳಿತವರೇ ತಿರುವಿನ ಒಳಮಗ್ಗುಲಿಗೆ ಮೈ ವಾಲಿಸಬೇಕು. ಇಲ್ಲದಿದ್ದರೆ ಒಳಗಿನ ಹಿಂಗಾಲಿ ನೆಲ ಬಿಟ್ಟು ಏಳುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಮತ್ತೆ ಮತ್ತೆ ಎದ್ದ ಗಾಲಿಯೇ ಹೇಳಿಕೊಟ್ಟಿತು. ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ, ಭುಜವನ್ನು ಕಂಬದ ಕಡೆ ಇಳಿಸಿ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ ಸುತ್ತು ಹಾಕುವುದು ಮೈಗೆ ಹತ್ತಿತು. ಕೆಲವೇ ದಿನಗಳಲ್ಲಿ ಕಾಕಾ ನನ್ನ ದಾರಿಯಲ್ಲಿ ತಮ್ಮ ಹೆಸರನ್ನೇ ಹರವತೊಡಗಿದರು.

"ಇದೇನ್ರಿ ಕಾಕಾ?"

"ಹೆಂಗೂ ತಿರಗಾಕ್ಹತ್ತಿ. ಹಂಗ ಒಂದೀಟು ರಾಶಿನೂ ಆಗಲಿ."

ಸುತ್ತುವುದು ಬಂದಿತು, ನಿಲ್ಲಿಸುವುದು ಬರಲಿಲ್ಲ. ಬ್ರೇಕ್ ಹಿಡಿದರೆ ಗಾಡಿ ನಡುಗುತ್ತ, ಗೊಣಗುತ್ತ, ಇನ್ನೂ ಒಂದಾಳುದ್ದ ದೂರ ಹೋಗಿಯೇ ನಿಲ್ಲುತ್ತಿತ್ತು. ಕೆಲವೊಮ್ಮೆ ನಿಲ್ಲುತ್ತಲೇ ಇರಲಿಲ್ಲ. ಕಾಕಾನ ಮಾತು ಒಂದೇ: "ಗಾಬರಿ ಆಗಬ್ಯಾಡ." ನಾನು ಗಾಬರಿಯಾಗಿಲ್ಲವೆಂದು ಎಷ್ಟು ಸಲ ಹೇಳಿದರೂ, ಹೇಳುವ ದನಿಯಲ್ಲೇ ಗಾಬರಿಯಿದೆ ಎನ್ನುತ್ತಿದ್ದರು. ಆ ದನಿಯಲ್ಲಿದ್ದುದು ಸಿಟ್ಟು. ಹೆಣ್ಣಿನ ಸಿಟ್ಟನ್ನು ಗಾಬರಿಯೆಂದು ಓದುವ ವಿದ್ಯೆಯನ್ನು ನಮ್ಮಲ್ಲಿ ಯಾವ ವಿಶ್ವವಿದ್ಯಾಲಯವೂ ಇಲ್ಲದೆ ಎಲ್ಲರೂ ಕಲಿತಿರುತ್ತಾರೆ.

ಒಂದು ಬೆಳಿಗ್ಗೆ, ಕಲಿತದ್ದು ಸಾಕೆಂದು, ಪಕ್ಕದ ಊರಿನ ಟೇಲರ್ ಮಾಮಾನ ಮನೆಗೆ ಹೊರಟೆ. ಅವರೂ ಅದೇ ಸಮಾರಂಭದಲ್ಲಿ ಇಂಥದೇ ಗಾಡಿ ಪಡೆದವರು. ಎರಡೂ ಕಾಲಿಗೆ ಸ್ವಾಧೀನವಿಲ್ಲ, ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡು ಬಟ್ಟೆ ಹೊಲಿಯುತ್ತಾರೆ. ಕೈಗೆ ನಿಲುಕದ ಕೊಂಡಿಯ ಮೇಲೆ ನಂಬಿಕೆಯಿಲ್ಲದೆ ಒಂದು ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದೆ. ಊರ ಹೊರಗಿನ ಹಳ್ಳದ ಬಳಿ ದಾರಿ ಬಲಕ್ಕೆ ತಿರುಗುತ್ತದೆ. ಹಿಡಿಕೆಯನ್ನು ಬಲಕ್ಕೆ ಹೊರಳಿಸಿದೆ. ಮೈ ಮಾತ್ರ ತಾನಾಗಿ ಎಡಕ್ಕೆ ವಾಲಿತು.

ಬಲಗಡೆಯ ಹಿಂಗಾಲಿ ಎದ್ದಿತು. ಜೀವಮಾನವಿಡೀ ಬೀಳುವ ಹೊತ್ತಿಗೆ ಏನು ಮಾಡುತ್ತ ಬಂದಿದ್ದೇನೋ ಅದನ್ನೇ ಮಾಡಿದೆ: ತೊಡೆಯ ಮೇಲಿನ ಊರುಗೋಲನ್ನು ಎಡಗಡೆಯ ನೆಲಕ್ಕೆ ಊರಿದೆ. ನಿಂತವಳಿಗೆ ಅದು ಆಸರೆ. ಓಡುವ ಗಾಡಿಯ ಎಡ ಹಿಂಗಾಲಿಗೆ ಅದು ಎದುರಿಗೆ ಬಂದ ಕೋಲು. ಗಾಲಿ ಅದರ ಮೇಲೆ ಹತ್ತಿ ಇಳಿಯಿತು. ಗಾಡಿ ಬಳ್ಳಾರಿ ಜಾಲಿಯ ಪೊದೆಗೆ ಒರಗಿ ನಿಂತಿತು. ನನ್ನ ಮೊಣಕೈ ಕೆತ್ತಿ ಹೋಗಿತ್ತು, ಕೋಲು ಕೊಕ್ಕೆಯಂತೆ ಬಾಗಿತ್ತು.

ಕಾಕಾ ಬಂದು ಗಾಡಿಯನ್ನು ಎತ್ತಿ ನಿಲ್ಲಿಸಿ, ದಾರಿಯ ಮೇಲಿನ ಗಾಲಿಯ ಗುರುತು ನೋಡಿದರು. ನಾನೂ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

"ಕಾಕಾ, ಕಣದಾಗ ನಾವು ಒಮ್ಮೆರೆ ಬಲಕ್ಕ ತಿರಗೀವೇನ್ರಿ?"

ಅವರು ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿದರು. "ಕಣದಾಗ ಬಲಕ್ಕ ಯಾರು ತಿರಗತಾರ ಬೇ? ನಮ್ಮಪ್ಪ ಎತ್ತು ಕಟ್ಟಿ ಹಂತಿ ಹೊಡಿಯೂವಾಗಿಂದ ಎಡಕ್ಕ ತಿರಗೂದು."

ಹಾಗೆ ನಾನು ರಾಶಿ ಮಾಡುವ ಎತ್ತಿನ ತರಬೇತಿ ಪಡೆದಿದ್ದೆ. ಕಾಕಾನ ಮೇಲೆ ಕೋಪ ಮಾಡಿಕೊಳ್ಳಲಾರೆ. ಅವರಿಗೆ ಗೊತ್ತಿದ್ದುದನ್ನು ಕೂಲಿಯಿಲ್ಲದೆ ಕಲಿಸಿದರು. ಆದರೆ ಅಂಗವಿಕಲರಿಗೆಂದೇ ಗಾಡಿ ತರಿಸಿದವರು ಇಷ್ಟನ್ನಾದರೂ ಯೋಚಿಸಬಾರದಿತ್ತೆ? ಊರುಗೋಲು ಹಿಡಿದವರು ಬೀಳುವಾಗ ಊರುಗೋಲನ್ನೇ ಊರುತ್ತಾರೆಂಬುದನ್ನು ತಿಳಿಯಲು ಸಂಶೋಧನೆ ಬೇಕಿರಲಿಲ್ಲ. ನಮ್ಮಲ್ಲಿ ಒಬ್ಬರನ್ನು ಕೂರಿಸಿ ಒಂದು ತಿರುವು ತಿರುಗಿಸಿ ನೋಡಿದ್ದರೆ ಸಾಕಿತ್ತು.

ಅಂದಿನಿಂದ ಬಲಕ್ಕೂ ಸುತ್ತಿದೆ. ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು, ಆಮೇಲೆ ಎಂಟರ ಅಂಕಿಯ ಹಾಗೆ. ಊರುಗೋಲುಗಳನ್ನು ಹತ್ತುವ ಮೊದಲೇ ಹಿಂದೆ ಕಟ್ಟಿಸಿಕೊಂಡೆ. ತಿರುವುಗಳು ಬಂದವು. ನಿಲ್ಲಿಸುವುದು ಮಾತ್ರ ಬರಲಿಲ್ಲ.

ಕಾಕಾ ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಕಣದಲ್ಲಿ ಟ್ರ್ಯಾಕ್ಟರಿನ ಸದ್ದಿರಲಿಲ್ಲ. ಸುತ್ತು ಮುಗಿಸಿ ಬ್ರೇಕ್ ಹಿಡಿದಾಗ, ನನ್ನ ಕೆಳಗಿನಿಂದ ಸಣ್ಣಗೆ ಜೇನ್ನೊಣದಂಥ ಗುಂಯ್‌ಗುಟ್ಟುವ ಸದ್ದು ಕೇಳಿಸಿತು. ಬ್ರೇಕ್ ಹಿಡಿದ ಮೇಲೂ ಮೋಟಾರು ಎಳೆಯುತ್ತಿತ್ತು. ನನ್ನ ಬಲಗೈಯನ್ನು ನೋಡಿಕೊಂಡೆ. ಬಲಗಡೆಯ ಬ್ರೇಕಿನ ಸನ್ನೆಗೆ ಬೆರಳು ಚಾಚಿ ಒತ್ತುವಾಗ ಮಣಿಕಟ್ಟು ಕೆಳಗಿಳಿಯುತ್ತದೆ; ಅದರೊಂದಿಗೆ ಹಿಡಿಕೆಯೂ ಹೊರಳುತ್ತದೆ. ಗಟ್ಟಿಯಾಗಿ ಬ್ರೇಕ್ ಹಿಡಿದಷ್ಟೂ ಗಟ್ಟಿಯಾಗಿ ಓಟ ಕೊಡುತ್ತಿದ್ದೆ.

ಇದು ನನ್ನ ತಪ್ಪೇ ಎಂದುಕೊಳ್ಳುತ್ತಿದ್ದೆ, ಹಾಲಿನವರು ಬರದಿದ್ದರೆ. ಅವರು ಹೊಸದಾಗಿ ಕೊಂಡದ್ದೂ ಬ್ಯಾಟರಿಯ ಸ್ಕೂಟರೇ. "ಅಣ್ಣಾರ, ಬ್ರೇಕ್ ಹಿಡಕೊಂಡು ಒಮ್ಮೆ ತಿರವ್ರಿ," ಎಂದೆ.

"ಹಿಡದು ತಿರವಿದ್ರ ಏನಾಗತೈತ್ರಿ? ಏನೂ ಆಗಂಗಿಲ್ಲ." ತಿರುವಿ ತೋರಿಸಿದರು. ಸ್ಕೂಟರು ಸತ್ತಂತೆ ನಿಂತಿತ್ತು. "ಬ್ಯಾಟರಿ ಗಾಡಿ ಎಲ್ಲಾ ಹಿಂಗ ಇರತಾವ್ರಿ. ಬ್ರೇಕಿಗೆ ಬೆರಳು ಹತ್ತಿತಂದ್ರ ಕರೆಂಟ್ ಬಂದ್."

ನನ್ನ ಗಾಡಿಯಲ್ಲಿ ಬಂದ್ ಆಗುತ್ತಿರಲಿಲ್ಲ. ಕಾಕಾ ಬಂದ ಮೇಲೆ ಹಿಂದಿನ ಅಚ್ಚಿನ ಕೆಳಗೆ ಎರಡು ಕಲ್ಲು ಕೊಡಿಸಿ ಗಾಲಿಗಳನ್ನು ನೆಲದಿಂದ ಎತ್ತಿಸಿದೆ. ಮೆಲ್ಲಗೆ ಹಿಡಿಕೆ ತಿರುವಿ, ಎಡಗೈಯಿಂದ ಬ್ರೇಕ್ ಒತ್ತಿದೆ. ಗಾಲಿಯ ವೇಗ ತಗ್ಗಿತು, ಗುಂಯ್‌ಗುಡುವ ಸದ್ದು ದಪ್ಪವಾಯಿತು, ನಿಲ್ಲಲಿಲ್ಲ. ಬ್ರೇಕಿನ ಸನ್ನೆಯ ಬುಡದಿಂದ ಹೊರಟ ಎರಡು ಸಣ್ಣ ವಾಯರುಗಳು ಹಿಡಿಕೆಯ ಕೊಳವೆಯುದ್ದಕ್ಕೂ ಬಂದು, ಮೋಟಾರಿಗೆ ಕರೆಂಟ್ ಬಿಡುವ ಸೀಲು ಮಾಡಿದ ಡಬ್ಬಿಯ ಹೊರಗೆ, ಕಪ್ಪು ಟೇಪು ಸುತ್ತಿಸಿಕೊಂಡು ಸುಮ್ಮನೆ ಮಡಚಿ ಕುಳಿತಿದ್ದವು. ಅವು ಯಾವುದಕ್ಕೂ ಸೇರಿರಲಿಲ್ಲ.

"ಹರದಿಲ್ಲ," ಎಂದರು ಕಾಕಾ, ತುದಿಯನ್ನು ಮುಟ್ಟಿ ನೋಡಿ. "ಯಾರೋ ಚಂದಂಗಿ ಟೇಪ್ ಸುತ್ತಿ ಇಟ್ಟಾರ."

ಅದೇ ಸಂಜೆ ಟೇಲರ್ ಮಾಮಾನ ಮನೆಗೆ ಹೋದೆವು. ಅವರ ಗಾಡಿ ದನದ ಕೊಟ್ಟಿಗೆಯಲ್ಲಿ ಗೊಬ್ಬರದ ಚೀಲಗಳಡಿ ಇತ್ತು. ಮೊದಲ ದಿನವೇ ಅದು ಅವರನ್ನು ಹೊತ್ತುಕೊಂಡು ಗಟಾರಕ್ಕೆ ಇಳಿದಿತ್ತು. "ಕೈ ನಡಗತಾವ್ರಿ ಅಕ್ಕಾರ, ಇದು ನನ್ನ ಪಾಲಿಂದಲ್ಲ," ಎಂದರು. ಅಂಗುಲದ ಹತ್ತನೇ ಭಾಗದಷ್ಟು ತಪ್ಪದೆ ಕತ್ತರಿಯೋಡಿಸುವ ಕೈ ನಡುಗುತ್ತದೆಂದು ಅವರನ್ನೇ ನಂಬಿಸಲಾಗಿತ್ತು. ಚೀಲ ಸರಿಸಿ ನೋಡಿದೆವು. ಅದೇ ಎರಡು ವಾಯರು, ಅದೇ ಕಪ್ಪು ಟೇಪು.

ಮೇಲ್ವಿಚಾರಕರಿಗೆ ಫೋನ್ ಮಾಡಿದೆ. "ಉಳದವ್ರು ಯಾರೂ ಹೇಳಿಲ್ಲಲ್ರಿ," ಎಂದರು.

"ಉಳದವ್ರು ಓಡಸಾಕ್ಹತ್ಯಾರೇನ್ರಿ ಸರ್?"

"ಅದನ್ನ ಪರಿಶೀಲನಾದಾಗ ನೋಡೂಣು. ನೀವು ಬ್ರೇಕ್ ಹಿಡಿಯೂವಾಗ ಎಕ್ಸಿಲೇಟರ್ ಬಿಡ್ರಿ, ಅಷ್ಟ. ತಲಿ ಓಡಸ್ರಿ ಸ್ವಲ್ಪ."

ಗಾಡಿ ಪೂರೈಸಿದ ಕಂಪನಿಯ ಸಂಖ್ಯೆಗೆ ಮಾಡಿದರೆ, ಬೆಂಗಳೂರಿನ ಕನ್ನಡದಲ್ಲೊಂದು ದನಿ, ಡಬ್ಬಿಯ ಸೀಲು ಒಡೆದರೆ ಗ್ಯಾರಂಟಿ ಇರುವುದಿಲ್ಲವೆಂದು ನಯವಾಗಿ ಎಚ್ಚರಿಸಿತು. ನಾನಿನ್ನೂ ಸೀಲಿನ ಮಾತೇ ಎತ್ತಿರಲಿಲ್ಲ.

ಇನ್ನು ಉಳಿದಿದ್ದು ಒಂದೇ: ಕೆಟ್ಟ ಗಾಡಿಯನ್ನೇ ಚೆನ್ನಾಗಿ ಓಡಿಸಲು ಕಲಿಯುವುದು. ಬಲಗಡೆಯ ಬ್ರೇಕನ್ನು ಮರೆತೇಬಿಟ್ಟೆ. ನಿಲ್ಲಿಸಬೇಕೆಂದಾಗ ಮೊದಲು ಬಲ ಅಂಗೈಯನ್ನು ಪೂರ್ತಿ ಬಿಚ್ಚುವುದು, ಬೆರಳುಗಳೆಲ್ಲ ಗಾಳಿಯಲ್ಲಿ; ಹಿಡಿಕೆ ತಾನಾಗಿ ಹಿಂದಿರುಗಿದ ಮೇಲೆ ಎಡಗೈಯಿಂದ ಮಾತ್ರ ಬ್ರೇಕ್. ಹೆದರಿದ ಕೈ ಮುಷ್ಟಿ ಕಟ್ಟುತ್ತದೆ, ಇಲ್ಲಿ ಹೆದರಿದಾಗಲೇ ಕೈ ಬಿಚ್ಚಬೇಕು. ಮನುಷ್ಯನ ಮೈಗೆ ವಿರುದ್ಧವಾದ ಈ ಪಾಠವನ್ನು ನಾಯಿ ಅಡ್ಡ ಬಂದಾಗ, ಕುರಿ ಅಡ್ಡ ಬಂದಾಗ, ಚಿಗವ್ವ ತಳ್ಳಲು ಓಡಿ ಬಂದಾಗ ಮಾಡಿ ಮಾಡಿ ರೂಢಿಸಿಕೊಂಡೆ. "ಚಿಗವ್ವ, ಕೈ ಹಚ್ಚಬ್ಯಾಡ" ಎಂದು ಗದರಿದಾಗ ಅವಳು ಒಂದು ವಾರ ಮಾತು ಬಿಟ್ಟಳು. ಗಾಡಿ ಮಾತ್ರ ನನ್ನ ಮಾತು ಕೇಳತೊಡಗಿತು. ಹೆಸರಿನ ರಾಶಿ ಮುಗಿಯುವ ಹೊತ್ತಿಗೆ ನಾನು ಒಳಗಿನ ಊರುಗಳಿಗೆ ಒಬ್ಬಳೇ ಹೋಗಿ, ಎದುರಿಗಿದ್ದವರ ಮಾತು ಮುಗಿಯುವವರೆಗೂ ಕುಳಿತು ಬರುತ್ತಿದ್ದೆ.

ಪರಿಶೀಲನೆ ತಾಲೂಕಿನ ಒಂದು ಕಚೇರಿಯ ಅಂಗಳದಲ್ಲಿ ನಡೆಯಿತು. ಬೇವಿನ ಗಿಡದ ಕೆಳಗೆ ಮೇಜು ಹಾಕಿ, ಮೇಲ್ವಿಚಾರಕರು, ಜಿಲ್ಲೆಯಿಂದ ಬಂದ ಹಿರಿಯ ಅಧಿಕಾರಿಣಿ, ಕಂಪನಿಯ ಮೆಕ್ಯಾನಿಕ್ ಕುಳಿತಿದ್ದರು. ಧ್ವಜಕಂಬ ಸುತ್ತಿ ಬಂದು ಸುಣ್ಣದ ಗೆರೆಯ ಮೇಲೆ ನಿಲ್ಲಿಸಬೇಕು. ನನಗಿಂತ ಮೊದಲು ಬಂದ ಇಬ್ಬರಲ್ಲಿ ಒಬ್ಬರು ಹತ್ತಲೇ ಇಲ್ಲ. ಇನ್ನೊಬ್ಬರು ಗೆರೆ ದಾಟಿ ಕಂಪೌಂಡಿಗೆ ತಾಗಿದರು. ಅವರ ಗಾಡಿಯ ಕೀಲಿಕೈಗಳು ಮೇಜಿನ ಮೇಲೆ ಉಳಿದವು. ಟೇಲರ್ ಮಾಮಾನ ಗಾಡಿಯನ್ನು ಕಾಕಾ ಟ್ರೇಲರಿನಲ್ಲಿ ತಂದಿದ್ದರು. ನನ್ನ ನಂತರ ಅವರ ಸರದಿ.

"ನೀವು ಚಂದಂಗಿ ಓಡಸ್ರಿ ಅಕ್ಕಾರ," ಎಂದರು ಮಾಮಾ. "ನಿಮ್ದರೆ ಉಳೀಲಿ."

ಓಡಿಸಿದೆ. ಕಂಬವನ್ನು ಬಲಕ್ಕೆ ಸುತ್ತಿ, ಎಡಕ್ಕೆ ಮುರಿದು, ಅಂಗೈ ಬಿಚ್ಚಿ, ಎಡಗೈ ಒತ್ತಿ, ಗೆರೆಯ ಮೇಲೆ ಮುಂದಿನ ಗಾಲಿಯನ್ನು ನಿಲ್ಲಿಸಿದೆ. ಮೇಲ್ವಿಚಾರಕರು ಚಪ್ಪಾಳೆ ತಟ್ಟಿದರು. ಅವರ ಸಂತೋಷ ನಿಜವಾಗಿತ್ತು, ಅದೇ ನನಗೆ ಸಹಿಸದಾದದ್ದು.

"ನೋಡ್ರಿ ಮೇಡಂ, ಗಾಡಿಗೆ ಏನಾಗೇತಿ? ಎಲ್ಲಾ ಸರಿ ಐತಿ," ಎಂದು ಅಧಿಕಾರಿಣಿಗೆ ಹೇಳಿ, ಟೇಲರ್ ಮಾಮಾನ ಕಡೆ ತಿರುಗಿದರು. "ಕಲಿಯೂ ಮನಸ್ಸಿರಬೇಕು ಯಜಮಾನ್ರ. ಇವ್ರು ಕಲ್ತಿಲ್ಲೇನು?"

ದೋಷವನ್ನು ಸರಿದೂಗಿಸಿಕೊಳ್ಳಲು ನಾನು ಪಟ್ಟ ಪಾಡು, ದೋಷವೇ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ನಿಂತಿತ್ತು. ನಾನು ಸುಮ್ಮನಿದ್ದರೆ ನನ್ನ ಗಾಡಿ ನನ್ನದು. ಹಾಗೆ ಸುಮ್ಮನಿರುವ ಪ್ರತಿ ಕ್ಷಣವೂ ಮಾಮಾನ ಗಾಡಿಯನ್ನು ಮೇಜಿನ ಕಡೆಗೆ ನೂಕುತ್ತಿತ್ತು. ಮಾತಿನಲ್ಲಿ ಹೇಳಿ ನೋಡಿಯಾಗಿತ್ತು. ಮಾತಿಗೆ ಅವರಲ್ಲಿ ಉತ್ತರವಿತ್ತು. ಎಲ್ಲರ ಎದುರು ಬಾರದವಳ ಹಾಗೆ ಓಡಿಸಿದರೆ ಗಾಡಿಯೇ ಮಾತಾಡುತ್ತದೆ. ಆದರೆ ಆ ಮಾತನ್ನು ಅವರು ನನ್ನ ಅಸಾಮರ್ಥ್ಯವೆಂದು ಬರೆದುಕೊಂಡರೆ ನನ್ನ ಕೀಲಿಕೈಯೂ ಅಲ್ಲೇ ಉಳಿಯುತ್ತದೆ.

"ಸರ್, ಇನ್ನೊಮ್ಮೆ ಓಡಸ್ತೀನ್ರಿ," ಎಂದೆ.

ಗಾಡಿಯನ್ನು ಮೇಜಿನ ಕಡೆ ಮುಖ ಮಾಡಿದೆ. ಅಷ್ಟು ದಿನ ಬಿಡಿಸಿಕೊಂಡಿದ್ದ ರೂಢಿಯನ್ನು ಮತ್ತೆ ಕೈಗೆ ತಂದುಕೊಂಡು, ಎರಡೂ ಬ್ರೇಕನ್ನು ಮುಷ್ಟಿ ಕಟ್ಟಿ ಹಿಡಿದೆ. ಬಲ ಮಣಿಕಟ್ಟು ತಾನಾಗಿಯೇ ಇಳಿಯಿತು. ಮೋಟಾರು ಗೊಣಗಿತು. ಗಾಡಿ ನಿಧಾನವಾಗಿ, ಬಹಳ ನಿಧಾನವಾಗಿ, ಮುಂದೆ ತೆವಳಿತು.

"ನಿಲ್ಲಸ್ರಿ ಮೇಡಂ," ಎಂದ ಮೆಕ್ಯಾನಿಕ್.

"ಬ್ರೇಕ್ ಹಿಡಿದೀನ್ರಿ. ಎರಡೂ ಹಿಡಿದೀನಿ, ಬಂದು ನೋಡ್ರಿ."

ಮೇಲ್ವಿಚಾರಕರು ಕುರ್ಚಿ ಹಿಂದಕ್ಕೆ ಸರಿಸಿದರು. ಮುಂದಿನ ಗಾಲಿ ಮೇಜಿನ ಕಾಲಿಗೆ ತಾಗಿತು. ಮೇಜು ಅಲುಗಿ, ನೀರಿನ ಬಾಟಲಿ ಉರುಳಿತು. ಮೇಜು, ಗಾಡಿ, ನಾನು ಮೂವರೂ ಸೇರಿ ಇನ್ನೊಂದು ಗೇಣು ಮುಂದೆ ಹೋದೆವು.

"ಎಕ್ಸಿಲೇಟರ್ ಬಿಡ್ರಿ, ಎರಡೂ ಕೂಡೆ ಹಿಡೀಬಾರದ್ರಿ," ಎಂದು ಮೆಕ್ಯಾನಿಕ್ ಓಡಿ ಬಂದು ಕೀಲಿ ತಿರುವಿದ. ಗಾಡಿ ನಿಂತಿತು.

"ಹಾಲಿನವ್ರ ಸ್ಕೂಟರದಾಗ ಎರಡೂ ಕೂಡೆ ಹಿಡದ್ರ ನಿಲ್ಲತೈತಿ. ಕಾಲಿಲ್ಲದವ್ರ ಗಾಡ್ಯಾಗ ಯಾಕ ನಿಲ್ಲಂಗಿಲ್ರಿ?" ಎಂದು ಕೇಳಿದೆ. "ಈ ಎರಡು ವಾಯರಿಗೆ ಟೇಪ್ ಸುತ್ತಿದವ್ರು ಯಾರು?"

ಅವನು ಮೇಲ್ವಿಚಾರಕರನ್ನು ನೋಡಿದ. ಅವರು ಬಾಟಲಿ ಎತ್ತಿಡುತ್ತಿದ್ದರು. ಹಿರಿಯ ಅಧಿಕಾರಿಣಿ ಮೆಕ್ಯಾನಿಕ್‌ನ ಕಡೆ ತಿರುಗಿದರು. "ಕೇಳಿದ್ದಕ್ಕೆ ಉತ್ತರ ಹೇಳಿ," ಎಂದರು ಅವನಿಗೆ.

"ಆ ವಾಯರ್ ಕೊಟ್ರ ಬ್ರೇಕ್ ಮುಟ್ಟಿದ ಕೂಡ್ಲೆ ಗಾಡಿ ಜಗ್ಗಿ ನಿಲ್ಲತೈತ್ರಿ ಮೇಡಂ. ಗಾಡಿ ಬಂದ್ ಬೀಳತೈತಿ ಅಂತ ಮಂದಿ ಕಂಪ್ಲೇಂಟ್ ಮಾಡತಾರ. ಅದಕ್ಕ ನಮಗ, ವಾಯರ್ ಕೊಡೂದು ಬಿಡ್ರಿ ಅಂದಿದ್ರು."

"ಎಲ್ಲಾ ಗಾಡಿಯೊಳಗೂ?" ಎಂದು ಅಧಿಕಾರಿಣಿ ಕೇಳಿದರು.

"ಈ ಸಲ ಬಂದಿದ್ದು ಎಲ್ಲಾದ್ರಾಗೂ ರಿ."

ಯಾರು 'ಬಿಡ್ರಿ' ಅಂದಿದ್ದರು ಎಂಬುದನ್ನು ಅವನು ಹೇಳಲಿಲ್ಲ. ನಾನು ಮೂರು ಸಲ ಕೇಳಿದೆ. ಇಂದಿಗೂ ಕೇಳುತ್ತಿದ್ದೇನೆ. ದೂರು ಬಾರದಿರಲಿ ಎಂದು ಬ್ರೇಕಿನ ವಾಯರನ್ನು ಕಳಚಿಟ್ಟು, ಗಟಾರಕ್ಕೆ ಬಿದ್ದವರ ಕೈ ನಡುಗುತ್ತದೆಂದು ಷರಾ ಬರೆಯುವವರೆಗೆ ಎಷ್ಟು ಮಂದಿಯ ಮೇಜು ದಾಟಿ ಬಂದಿರಬೇಕು ಈ ನಿರ್ಧಾರ. ಅವರಲ್ಲಿ ಒಬ್ಬರಾದರೂ ಆ ಸೀಟಿನಲ್ಲಿ ಕುಳಿತು ನೋಡಿದವರಲ್ಲ.

ಮೇಲ್ವಿಚಾರಕರ ದನಿ ಮೃದುವಾಯಿತು. "ಆತು ಬಿಡ್ರಿ, ಈಗ ಗೊತ್ತಾತಲ್ಲ. ಇವ್ರ ಗಾಡಿದು ಈಗಿಂದೀಗ ವಾಯರ್ ಕೊಡಪಾ. ನಿಮ್ಮ ಸಮಸ್ಯಾ ಮುಗೀತಲ್ರಿ ಮೇಡಂ?"

ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ನನ್ನ ಗಾಡಿಯ ಬಳಿ ಮಂಡಿಯೂರಿದ. ಬಹಳ ದಿನಗಳಿಂದ ಕೇಳುತ್ತಿದ್ದುದು ಅದನ್ನೇ. ಆದರೆ ನನ್ನದು ಸರಿಯಾದ ಮರುಗಳಿಗೆ ಈ ಅಂಗಳದಲ್ಲಿ ದೂರುವವರು ಇರುವುದಿಲ್ಲ, ತೋರಿಸಲು ಗಾಡಿಯೂ ಇರುವುದಿಲ್ಲ. ಕೀಲಿಯನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

"ನಂದು ಕಡೀಕ," ಎಂದೆ. "ಮೊದಲ ಮಾಮಾಂದು. ಆಮ್ಯಾಲ ಮೇಜಿನ ಮ್ಯಾಲ ಇಟಗೊಂಡೀರಲ್ಲ, ಆ ಎರಡು ಕೀಲಿಕೈದು. ಆಮ್ಯಾಲ ಉಳದವ್ರದು, ಅವರವರ ಊರಿಗೆ ಹೋಗಿ. ಎಲ್ಲಾ ಆದಮ್ಯಾಲ ನಂದು ಮಾಡ್ರಿ. ಅಲ್ಲೀತನಾ ಯಾರದೂ ಹಿಂದಕ್ಕ ತಗೊಳ್ಳೂದು ಬ್ಯಾಡ."

"ಹಂಗ ಕೆಟ್ಟ ಗಾಡಿ ಓಡಸೂದು ಅಪಾಯ ಅಲ್ಲೇನ್ರಿ?" ಎಂದರು ಮೇಲ್ವಿಚಾರಕರು.

ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಅದನ್ನು ಬರೆದುಕೊಳ್ಳಿ ಎಂದು ಅಧಿಕಾರಿಣಿಗೆ ಹೇಳಿದೆ. ಅವರು ಬರೆದುಕೊಂಡರು. ಹಿಂಪಡೆಯುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದೂ ಹೇಳಿದರು. ಆ 'ಸದ್ಯಕ್ಕೆ' ಎಂಬುದು ಎಲ್ಲಿಯವರೆಗೆ ಎಂದು ಮಾತ್ರ ಹೇಳಲಿಲ್ಲ.

ಮಾಮಾನ ಗಾಡಿಯ ಡಬ್ಬಿ ಬಿಚ್ಚಿ ವಾಯರು ಸೇರಿಸಲು ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಕಾಕಾ ಅವರನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು. ಮಾಮಾ ಹಿಡಿಕೆಯನ್ನು ತಿರುವಿದರು, ಗಾಡಿ ಹೊರಟಿತು, ಮುಖದಲ್ಲಿ ಗಟಾರದ ನೆನಪು ಮೂಡಿತು, ಎರಡೂ ಕೈ ಮುಷ್ಟಿ ಕಟ್ಟಿದವು. ಗಾಡಿ ಇದ್ದಲ್ಲೇ ನಿಂತುಬಿಟ್ಟಿತು. ಅವರು ಕಣ್ಣು ತೆರೆದು ಕೆಳಗೆ ನೋಡಿದರು.

"ನಿಂತೈತ್ರಿ," ಎಂದರು. ಮತ್ತೆ ತಿರುವಿದರು, ಮ‌ತ್ತೆ ಹಿಡಿದರು. ಮತ್ತೆ ನಿಂತಿತು. ಆ ಮಧ್ಯಾಹ್ನ ಅವರು ಧ್ವಜಕಂಬ ಸುತ್ತಲೇ ಇಲ್ಲ. ಸುಣ್ಣದ ಗೆರೆಯಿಂದ ಬೇವಿನ ಗಿಡದವರೆಗೆ ನಿಲ್ಲಿಸಿ, ನಿಲ್ಲಿಸಿ, ನಿಲ್ಲಿಸಿಯೇ ಹೋದರು.

ಉಳಿದ ಗಾಡಿಗಳ ಕೆಲಸ ಕುಂಟುತ್ತಲೇ ಸಾಗಿದೆ. ಬೇರೆ ಪಂಚಾಯಿತಿಗಳ ಕಾರ್ಯಕರ್ತರಿಗೆ ಫೋನ್ ಮಾಡಿ, ಕೊಟ್ಟಿಗೆಗಳಲ್ಲಿ, ಅಟ್ಟದ ಕೆಳಗೆ, ಹೊಟ್ಟಿನ ಕೋಣೆಯಲ್ಲಿ ಮುಚ್ಚಿಟ್ಟ ಗಾಡಿಗಳನ್ನು ಒಂದೊಂದಾಗಿ ಹೊರಗೆ ತೆಗೆಸುತ್ತಿದ್ದೇನೆ. ಮೆಕ್ಯಾನಿಕ್ ಬರುತ್ತೇನೆಂದ ದಿನ ಬರುವುದಿಲ್ಲ, ಬಾರದ ದಿನ ನಾನು ಬಿಡುವುದಿಲ್ಲ. ನಿನ್ನೆ ಅವನೇ ಫೋನ್ ಮಾಡಿದ. ದನಿಯಲ್ಲಿ ದಣಿವಿತ್ತು.

"ಮೇಡಮ್ಮಾರ, ನಾಳೆ ಅಣ್ಣಿಗೇರಿಗೆ ಬರಾಕ್ಹತ್ತೀನ್ರಿ. ನಿಮ್ದೂ ಮುಗಿಸಿ ಬಿಡ್ಲೇನ್ರಿ? ಪದೇ ಪದೇ ಮ್ಯಾಲಿನವ್ರು ಕೇಳತಾರ, ಆ ಮೇಡಮ್ಮಂದು ಆತೇನು ಅಂತ."

"ಕೇಳಲಿ. ನವಲಗುಂದ ದಾರ್ಯಾಗ ಇಬ್ಬರು ಉಳದಾರ, ಒಬ್ಬಾಕಿ ಕೊಟ್ಟಗ್ಯಾಗಿಂದ ಗಾಡಿ ತಗದು ತೊಳದು ಇಟಗೊಂಡು ಕುಂತಾಳ. ನಾಳೆ ಅಲ್ಲಿಗೆ ಬರ್ರಿ."

"ನೀವು ಹೆಂಗ ಬರ್ತೀರಿ ಅಷ್ಟು ದೂರ?"

"ನನ್ನ ಗಾಡಿ ಮ್ಯಾಲ," ಎಂದೆ.